ನೆರವಿನ ಮರಣ: ಜನಮತ ಯಾವುದಕ್ಕೆ ‘ಹೌದು’ ಎನ್ನುತ್ತಿದೆ?

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಭರವಸೆಯಿಲ್ಲದೆ ಯಂತ್ರಗಳ ಆಸರೆಯಿಂದಷ್ಟೇ ಜೀವ ಹಿಡಿದಿರುವ ರೋಗಿಗಳ ವಿಷಯದಲ್ಲಿ ಚಿಕಿತ್ಸೆಯನ್ನು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯ ಹಾಕಿಕೊಟ್ಟ ಕ್ರಮವನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತರುವುದು ಅದರ ಉದ್ದೇಶವಾಗಿತ್ತು. ಸುದ್ದಿ ಪರ್ತ್ ತಲುಪುವ ಹೊತ್ತಿಗೆ ಅದು ‘ಕರ್ನಾಟಕದಲ್ಲಿ ದಯಾಮರಣಕ್ಕೆ ಅನುಮತಿ’ ಎಂದಾಗಿತ್ತು. ಬೆಂಟ್ಲಿಯಲ್ಲಿ ವೈದ್ಯವೃತ್ತಿಯಲ್ಲಿರುವ ನನ್ನನ್ನು ಆ ದಿನಗಳಲ್ಲಿ ಪರಿಚಿತರು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಇಲ್ಲಿಯ ಕಾನೂನು, ಅಲ್ಲಿಯ ಕಾನೂನು ಈಗ ಎರಡೂ ಒಂದೇ ಆಯಿತಲ್ಲವೇ, ಡಾಕ್ಟ್ರೇ?”

ಒಂದೇ ಆಗಿಲ್ಲ, ಹತ್ತಿರವೂ ಬಂದಿಲ್ಲ. ಆದರೂ ಈ ಗೊಂದಲಕ್ಕೆ ಕೇಳಿದವರನ್ನು ದೂರುವಂತಿಲ್ಲ. ಮೂರು ಬೇರೆ ಬೇರೆ ಸಂಗತಿಗಳಿಗೆ ನಮ್ಮಲ್ಲಿ ಬಳಕೆಯಲ್ಲಿರುವುದು ಒಂದೇ ಪದ. ಅದು ದಯಾಮರಣ. ಈ ಪದದಲ್ಲಿ ಸಾಯುವವನು ಕರ್ತೃವಲ್ಲ. ದಯೆ ತೋರುವ ಇನ್ನೊಬ್ಬನು ಕರ್ತೃ. ಕನ್ನಡ ಪತ್ರಿಕೆಗಳನ್ನು ಓದುತ್ತ ಬೆಳೆದವರಿಗೆ ಇದರ ಮತ್ತೊಂದು ಬಳಕೆಯೂ ಪರಿಚಿತ. ಪರಿಹಾರ ಸಿಗದ ರೈತರು, ಸಂಬಳ ಬಾರದ ನೌಕರರು ‘ದಯಾಮರಣಕ್ಕೆ ಅನುಮತಿ ಕೊಡಿ’ ಎಂದು ರಾಷ್ಟ್ರಪತಿಗೋ ರಾಜ್ಯಪಾಲರಿಗೋ ಪತ್ರ ಬರೆಯುವುದುಂಟು. ಅಲ್ಲಿ ಕಾಯಿಲೆಯೇ ಇಲ್ಲ, ಇರುವುದು ಪ್ರತಿಭಟನೆ. ಹೀಗೆ ಕಾಯಿಲೆ, ಕರುಣೆ, ಹತಾಶೆ ಮೂರನ್ನೂ ಹೊತ್ತಿರುವ ಪದವೊಂದನ್ನು ಮುಂದಿಟ್ಟು ‘ನೀವು ಪರವೋ ವಿರೋಧವೋ’ ಎಂದು ಕೇಳಿದರೆ ಬರುವ ಉತ್ತರಕ್ಕೆ ಏನು ಅರ್ಥ ಕಟ್ಟಬೇಕು?

ಮೊದಲು ಕರ್ನಾಟಕದ ಸುತ್ತೋಲೆಯನ್ನೇ ನೋಡೋಣ. ಅದರ ಮೂಲ ಎರಡು ತೀರ್ಪುಗಳಲ್ಲಿದೆ. 2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯ ಮೇಲೆ ಸಂವಿಧಾನ ಪೀಠವು, ಘನತೆಯಿಂದ ಸಾಯುವುದು 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಒಪ್ಪಿ, ಮುಂಗಡ ವೈದ್ಯಕೀಯ ನಿರ್ದೇಶನಪತ್ರಕ್ಕೆ ಮಾನ್ಯತೆ ನೀಡಿತು. ಆದರೆ ಅದಕ್ಕೆ ವಿಧಿಸಿದ ಕ್ರಮ ಎಷ್ಟು ತೊಡಕಿನದಾಗಿತ್ತೆಂದರೆ ಅದನ್ನು ಪಾಲಿಸುವುದು ದುಸ್ತರವಾಯಿತು. 2023ರ ಜನವರಿ 24ರಂದು ನ್ಯಾಯಾಲಯವೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಆಸ್ಪತ್ರೆಯ ಪ್ರಾಥಮಿಕ ವೈದ್ಯ ಮಂಡಳಿ ಮತ್ತು ದ್ವಿತೀಯ ವೈದ್ಯ ಮಂಡಳಿ ಎರಡೂ ಒಪ್ಪಿದರೆ, ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಚಿಕಿತ್ಸೆಯನ್ನು ನಿಲ್ಲಿಸಬಹುದು. ಯಾರಿಗೂ ಪ್ರಾಣ ತೆಗೆಯುವ ಔಷಧ ಕೊಡುವುದಕ್ಕೆ ಅಲ್ಲಿ ಅವಕಾಶವಿಲ್ಲ. ಇದನ್ನು ದಯಾಮರಣದೊಡನೆ ಬೆರೆಸಬೇಡಿ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಸ್ಪಷ್ಟಪಡಿಸಿದ್ದರು.

ಸುತ್ತೋಲೆಯ ಸುದ್ದಿಯ ಜೊತೆಗೆ ಪತ್ರಿಕೆಗಳಲ್ಲಿ ಬಂದ ಹೆಸರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರದು. ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರಗಳಿಗೆ, ನ್ಯಾಯಾಲಯಗಳಿಗೆ ಪತ್ರ ಬರೆಯುತ್ತ, ಘನತೆಯಿಂದ ಸಾಯುವ ಹಕ್ಕಿಗಾಗಿ ಅವರು ಹೋರಾಡಿದರು. ಬೆನ್ನುಮೂಳೆಯ ತೊಂದರೆಯಿಂದ ವರ್ಷಗಟ್ಟಲೆ ನರಳಿ, ಬಳಿಕ ಕ್ಯಾನ್ಸರನ್ನೂ ಎದುರಿಸಿದವರು. ಎಂಬತ್ತೈದರ ವಯಸ್ಸಿನಲ್ಲಿ ಈ ಸುತ್ತೋಲೆಯನ್ನು ತಮ್ಮ ಹೋರಾಟದ ಫಲವೆಂದು ಅವರು ಸಂತೋಷಪಟ್ಟದ್ದು ಸಹಜ. ಆದರೆ ಅದನ್ನು ಓದಿದ ವೈದ್ಯನಿಗೆ ಕಾಣುವುದು ಬೇರೆ. ವೆಂಟಿಲೇಟರಿನ ಮೇಲಿಲ್ಲದ, ಎಚ್ಚರವಿರುವ, ಮಾತನಾಡಬಲ್ಲ, ತನಗೇನು ಬೇಕೆಂದು ಹೇಳಬಲ್ಲ ವ್ಯಕ್ತಿಗೆ ಆ ಸುತ್ತೋಲೆಯಿಂದ ದಕ್ಕುವುದು ಬಹಳ ಕಡಿಮೆ. ನಿಲ್ಲಿಸುವುದಕ್ಕೆ ಅಲ್ಲಿ ಯಂತ್ರವೇ ಇಲ್ಲವಲ್ಲ.

ಪಶ್ಚಿಮ ಆಸ್ಟ್ರೇಲಿಯದ ಕಾನೂನು ಹೊರಡುವುದೇ ಈ ಎಚ್ಚರವಿರುವ ವ್ಯಕ್ತಿಯಿಂದ. ‘ವಾಲಂಟರಿ ಅಸಿಸ್ಟೆಡ್ ಡೈಯಿಂಗ್’ ಎಂಬ ಅದರ ಹೆಸರಿನಲ್ಲಿ ದಯೆಯ ಮಾತಿಲ್ಲ, ಇಚ್ಛೆಯ ಮಾತಿದೆ. ‘ಸ್ವಇಚ್ಛೆಯ ನೆರವಿನ ಮರಣ’ ಎಂದರೆ ಮೂಲಕ್ಕೆ ಹತ್ತಿರವಾದೀತು. 2019ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 2021ರ ಜುಲೈ 1ರಂದು ಜಾರಿಗೆ ಬಂದ ಈ ಕಾನೂನಿಗಿಂತ ಮುಂಚೆ ವಿಕ್ಟೋರಿಯದಲ್ಲಿ ಮಾತ್ರ ಇಂಥದೊಂದು ನಡೆಯುತ್ತಿತ್ತು. ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡಿನಲ್ಲಿ 2023ರ ಜನವರಿ 1ರಿಂದ, ಅಡಿಲೇಡಿನ ದಕ್ಷಿಣ ಆಸ್ಟ್ರೇಲಿಯದಲ್ಲಿ ಅದೇ ತಿಂಗಳ 31ರಿಂದ ಜಾರಿಯಾಯಿತು. ಈಗ ಆರೂ ರಾಜ್ಯಗಳಲ್ಲಿ ಇದೆ.

ಇದರ ಹಿಂದಿನ ಜನಮತದ ಕಥೆ ಹಳೆಯದು. 1995ರಲ್ಲಿ ಉತ್ತರ ಪ್ರಾಂತ್ಯ ಲೋಕದಲ್ಲೇ ಮೊದಲ ಬಾರಿಗೆ ಇಂಥ ಕಾನೂನನ್ನು ಮಾಡಿತು. 1996ರ ಸೆಪ್ಟೆಂಬರಿನಲ್ಲಿ ಡಾರ್ವಿನ್ನಿನ ಬಾಬ್ ಡೆಂಟ್ ಅದನ್ನು ಬಳಸಿದ ಮೊದಲಿಗರಾದರು. ನಾಲ್ವರು ಬಳಸುವಷ್ಟರಲ್ಲಿ, 1997ರಲ್ಲಿ, ಒಕ್ಕೂಟದ ಸಂಸತ್ತು ಅದನ್ನು ಅನೂರ್ಜಿತಗೊಳಿಸಿತು. ಜನಮತ ಮಾತ್ರ ಹಿಂದೆ ಸರಿಯಲಿಲ್ಲ. 2017ರ ರಾಯ್ ಮಾರ್ಗನ್ ಸಮೀಕ್ಷೆಯಲ್ಲಿ 85 ಪ್ರತಿಶತ ಮಂದಿ ಪರವಾಗಿದ್ದರು. ಆಮೇಲೆ ಪರ್ತ್‌ನಿಂದಲೇ ಒಂದು ಸುದ್ದಿ ಜಗತ್ತನ್ನು ಸುತ್ತಿತು: ಸಸ್ಯವಿಜ್ಞಾನಿ ಡೇವಿಡ್ ಗುಡಾಲ್ ತಮ್ಮ 104ನೆಯ ವಯಸ್ಸಿನಲ್ಲಿ ವಿಮಾನವೇರಿ ಸ್ವಿಟ್ಜರ್ಲೆಂಡಿಗೆ ಹೋಗಿ 2018ರ ಮೇ 10ರಂದು ಪ್ರಾಣ ಬಿಟ್ಟರು. ಇಷ್ಟು ದೂರ ಹೋಗಿ ಸಾಯಬೇಕೆ ಎಂಬ ಪ್ರಶ್ನೆ ಇಲ್ಲಿಯ ಪ್ರತಿ ಮನೆಯಲ್ಲೂ ಚರ್ಚೆಯಾಯಿತು.

ಗುಡಾಲರಿಗೆ ಮಾರಕ ಕಾಯಿಲೆ ಇರಲಿಲ್ಲ, ಇದ್ದದ್ದು ಮುಪ್ಪು. ಅವರ ಸಾವಿನ ಮರುವರ್ಷ ಅವರದೇ ರಾಜ್ಯ ಮಾಡಿದ ಕಾನೂನಿನಡಿ ಅವರು ಅರ್ಹರೇ ಆಗುತ್ತಿರಲಿಲ್ಲ. ಆರು ತಿಂಗಳೊಳಗೆ, ನರಮಂಡಲ ಕ್ಷಯಿಸುವ ಕಾಯಿಲೆಯಾದರೆ ಹನ್ನೆರಡು ತಿಂಗಳೊಳಗೆ, ಸಾವು ತರಬಹುದಾದ ರೋಗ ಇದ್ದವರಿಗೆ ಮಾತ್ರ ಇಲ್ಲಿ ಅವಕಾಶ. ಅಂದರೆ ಜನರ ಮನ ಕಲಕಿದ ಪ್ರಕರಣವೊಂದು, ಶಾಸನಸಭೆ ಬರೆದ ಕಾನೂನು ಇನ್ನೊಂದು. ಹೊಣೆಯರಿತ ಶಾಸನಸಭೆ ಹಾಗೆ ಮಾಡಬೇಕಾದದ್ದೇ. ಸಮೀಕ್ಷೆಯ ಪ್ರಶ್ನೆಗೆ ಉತ್ತರಿಸುವವನು ತನ್ನ ಸಾವನ್ನೋ ತಾನು ಕಣ್ಣಾರೆ ಕಂಡ ತಾಯಿಯ ಸಾವನ್ನೋ ನೆನೆದು ಉತ್ತರಿಸುತ್ತಾನೆ. ಕಾನೂನು ಬರೆಯುವವನು ತಾನು ಕಾಣದ ಮನೆಗಳನ್ನೂ ನೆನೆಯಬೇಕಾಗುತ್ತದೆ.

ಈ ಅಂತರ ಇಲ್ಲಿಯದು ಮಾತ್ರವಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 2012ರಲ್ಲಿ ಸಮೀಕ್ಷೆಗಳು ಸ್ಪಷ್ಟ ಬಹುಮತ ತೋರಿಸುತ್ತಿದ್ದರೂ, ಮತಗಟ್ಟೆಯಲ್ಲಿ ಸುಮಾರು 51 ಪ್ರತಿಶತ ಜನ ಬೇಡವೆಂದರು. ಸ್ಲೊವೇನಿಯದಲ್ಲಿ 2024ರ ಸಲಹಾತ್ಮಕ ಜನಮತಗಣನೆಯಲ್ಲಿ ಬಹುಮತ ಹೌದೆಂದಿತು. ಸಂಸತ್ತು ಕಾನೂನು ಮಾಡಿದ ಮೇಲೆ 2025ರ ನವೆಂಬರಿನಲ್ಲಿ ಮತ್ತೆ ಕೇಳಿದಾಗ ಬಹುಮತ ಬೇಡವೆಂದಿತು. ನ್ಯೂಜಿಲೆಂಡಿನಲ್ಲಿ ಮಾತ್ರ, ಕಾನೂನಿನ ಪೂರ್ಣ ಪಠ್ಯ ಕಣ್ಣೆದುರಿಗಿದ್ದಾಗಲೂ 2020ರಲ್ಲಿ 65 ಪ್ರತಿಶತ ಜನ ಒಪ್ಪಿದರು.

ಸಮೀಕ್ಷೆಯ ಪ್ರಶ್ನೆಯಲ್ಲಿ ಇನ್ನೊಂದು ತೊಡಕಿದೆ. ರಾಯ್ ಮಾರ್ಗನ್ ಪ್ರಶ್ನೆ ‘ತೀವ್ರ ನೋವಿನಲ್ಲಿರುವ, ಗುಣವಾಗುವ ಆಸೆಯೇ ಇಲ್ಲದ’ ರೋಗಿಯ ಕುರಿತದ್ದು. ಕಾನೂನನ್ನು ನಿಜವಾಗಿ ಬಳಸುವವರು ಹೇಳುವ ಕಾರಣಗಳಲ್ಲಿ ನೋವು ಮೊದಲ ಸ್ಥಾನದಲ್ಲಿಲ್ಲ. 1997ರಿಂದ ಇಂಥ ಕಾನೂನು ನಡೆಸುತ್ತಿರುವ ಆರೆಗಾನ್ ರಾಜ್ಯದ ವಾರ್ಷಿಕ ವರದಿಗಳಲ್ಲಿ ವರ್ಷವರ್ಷವೂ ಮುಂದಿರುವುದು, ತನ್ನ ಬದುಕಿನ ಹಿಡಿತ ತಪ್ಪುತ್ತಿದೆ, ಸುಖ ಕೊಡುತ್ತಿದ್ದ ಕೆಲಸಗಳನ್ನು ಮಾಡಲಾಗುತ್ತಿಲ್ಲ, ಘನತೆ ಹೋಗುತ್ತಿದೆ ಎಂಬ ಕಾರಣಗಳು. ಮನೆಯವರಿಗೆ ಹೊರೆಯಾಗುತ್ತೇನೆ ಎಂಬುದೂ ಸಾಕಷ್ಟು ಜನರ ಮಾತು. ನೋವನ್ನು, ಕೈಗೆ ಮಾರ್ಫೀನ್ ಸಿಗುವ ದೇಶದಲ್ಲಿ, ಬಹುಮಟ್ಟಿಗೆ ನಾವು ತಗ್ಗಿಸಬಲ್ಲೆವು. ಹಿಡಿತ ತಪ್ಪುವುದಕ್ಕೆ ನಮ್ಮ ಬಳಿ ಮದ್ದಿಲ್ಲ.

‘ಹೊರೆಯಾಗುತ್ತೇನೆ’ ಎಂಬ ಮಾತಿನ ಬಳಿ ಕನ್ನಡಿಗನಾದ ವೈದ್ಯ ತುಸು ನಿಲ್ಲಬೇಕಾಗುತ್ತದೆ. ‘ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಡಬೇಕು, ಯಾರಿಗೂ ಭಾರ ಆಗಬಾರದು’ ಎಂದು ನಮ್ಮ ಹಿರಿಯರು ಹೇಳದ ದಿನವುಂಟೆ? ಆಯಾಸವಿಲ್ಲದ ಸಾವನ್ನೂ ದೈನ್ಯವಿಲ್ಲದ ಬದುಕನ್ನೂ ಬೇಡುವ ಪ್ರಾರ್ಥನೆ ಎಷ್ಟೋ ಮನೆಗಳಲ್ಲಿ ನಿತ್ಯದ್ದು. ಈ ಮಾತು ಹೆಚ್ಚಿನ ಸಲ ಒಂದು ನುಡಿಗಟ್ಟು, ಕೆಲವೊಮ್ಮೆ ಬೇಸರ, ಅಪರೂಪಕ್ಕೊಮ್ಮೆ ನಿಜವಾದ ಕೋರಿಕೆ. ಇಂಗ್ಲಿಷಿನಲ್ಲಿ ಮಾತ್ರ ಕೇಳಿಸಿಕೊಳ್ಳುವ ವೈದ್ಯನಿಗೆ ಮೂರೂ ಒಂದೇ ಆಗಿ ಕೇಳಿಸುತ್ತವೆ. ಕಾನೂನಿನ ದೃಷ್ಟಿಯಲ್ಲಿ ಮೊದಲ ಕೋರಿಕೆ ಸ್ಪಷ್ಟವಾಗಿ, ಸಂದೇಹಕ್ಕೆಡೆಯಿಲ್ಲದಂತೆ ಇರಬೇಕು; ನುಡಿಗಟ್ಟು ಕೋರಿಕೆಯಾಗದು. ಆ ಮಟ್ಟಿಗೆ ಕಾನೂನು ಎಚ್ಚರ ವಹಿಸಿದೆ. ಆದರೆ ನಿಜವಾದ ಕೋರಿಕೆಯೇ ನುಡಿಗಟ್ಟಿನ ಮರೆಯಲ್ಲಿ ಬಂದರೆ? ಅದನ್ನು ಗುರುತಿಸುವವರಾರು?

ಪಶ್ಚಿಮ ಆಸ್ಟ್ರೇಲಿಯದ ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ: ರೋಗಿ ತಾನೇ ವೈದ್ಯರಲ್ಲಿ ಮೊದಲ ಕೋರಿಕೆ ಇಡಬೇಕು. ಇಬ್ಬರು ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿ ಅರ್ಹತೆ, ನಿರ್ಧರಿಸುವ ಸಾಮರ್ಥ್ಯ, ಒತ್ತಾಯವಿಲ್ಲದಿರುವಿಕೆ ಇವನ್ನು ಖಚಿತಪಡಿಸಿಕೊಳ್ಳಬೇಕು. ಬಳಿಕ ಇಬ್ಬರು ಸಾಕ್ಷಿಗಳ ಎದುರು ಲಿಖಿತ ಘೋಷಣೆ. ಕುಟುಂಬದವರಾಗಲಿ ಆಸ್ತಿಯ ಫಲಾನುಭವಿಗಳಾಗಲಿ ಸಾಕ್ಷಿಯಾಗುವಂತಿಲ್ಲ. ಕೊನೆಯ ಕೋರಿಕೆಗೂ ಮೊದಲನೆಯದಕ್ಕೂ ನಡುವೆ, ಸಾವು ಇನ್ನೂ ಹತ್ತಿರವಿದ್ದ ಹೊರತು, ಒಂಬತ್ತು ದಿನಗಳ ಅಂತರವಿರಬೇಕು. ಯಾವ ಹಂತದಲ್ಲೂ ಹಿಂದೆ ಸರಿಯಬಹುದು. ಮನಸ್ಸು ಒಪ್ಪದ ವೈದ್ಯ ದೂರ ಉಳಿಯಬಹುದು, ಆದರೆ ಅದನ್ನು ಕೂಡಲೇ ರೋಗಿಗೆ ತಿಳಿಸಿ, ಸರ್ಕಾರ ಅನುಮೋದಿಸಿದ ಮಾಹಿತಿಯನ್ನು ಕೊಟ್ಟೇ ಹೋಗಬೇಕು. ಮೊದಲ ವರ್ಷ 190 ಮಂದಿ ಈ ದಾರಿಯಲ್ಲಿ ಸತ್ತರು. ರಾಜ್ಯದ ಒಟ್ಟು ಸಾವುಗಳಲ್ಲಿ ಅದು ಶೇಕಡಾ ಒಂದರ ಆಸುಪಾಸು.

ನಮ್ಮ ಕುಟುಂಬಗಳು ಎಡವುವುದು ಈ ಹಂತಗಳಲ್ಲಲ್ಲ, ಅದಕ್ಕಿಂತ ಮುಂಚೆ. ಅರ್ಹತೆಗೆ ಆಸ್ಟ್ರೇಲಿಯದ ಪೌರತ್ವ ಅಥವಾ ಕಾಯಂ ನಿವಾಸ ಬೇಕು. ಜೊತೆಗೆ ಮೊದಲ ಕೋರಿಕೆಯ ಹೊತ್ತಿಗೆ ಕನಿಷ್ಠ ಹನ್ನೆರಡು ತಿಂಗಳು ಈ ರಾಜ್ಯದ ಸಾಮಾನ್ಯ ನಿವಾಸಿಯಾಗಿರಬೇಕು. ಪ್ರವಾಸಿ ವೀಸಾದಲ್ಲೋ ಐದು ವರ್ಷದ ತಾತ್ಕಾಲಿಕ ಪೋಷಕ ವೀಸಾದಲ್ಲೋ ಬಂದಿರುವ ತಂದೆತಾಯಿಯರು ಈ ಗೆರೆಯ ಹೊರಗೆ. ಪರ್ತ್‌ನ ಮಗನ ಮನೆಯಲ್ಲಿ ಆರು ತಿಂಗಳು, ಬ್ರಿಸ್ಬೇನಿನ ಮಗಳ ಮನೆಯಲ್ಲಿ ನಾಲ್ಕು ತಿಂಗಳು, ಸಂಕ್ರಾಂತಿಯ ಹೊತ್ತಿಗೆ ಊರು ಎಂದು ತಿರುಗುವ ಕಾಯಂ ನಿವಾಸಿಗಳಿಗೂ ತೊಂದರೆಯುಂಟು. ಕ್ವೀನ್ಸ್‌ಲ್ಯಾಂಡಿನ ಕಾನೂನಿನಲ್ಲಿ, ಮೂರು ವರ್ಷ ಎಡೆಬಿಡದೆ ಈ ದೇಶದಲ್ಲಿದ್ದವರಿಗೆ ಮತ್ತು ವಿಶೇಷ ವಿನಾಯಿತಿ ಪಡೆದವರಿಗೆ ಒಂದು ಕಿಂಡಿ ಇದೆ. ಇಲ್ಲಿ ಅಷ್ಟು ಸಡಿಲವಿಲ್ಲ. ಕಾನೂನು ಒಂದೇ ಮನೆಯಲ್ಲಿ ನೆಲೆನಿಂತ ವ್ಯಕ್ತಿಯನ್ನು ಕಲ್ಪಿಸಿಕೊಂಡಿದೆ. ನಮ್ಮ ಹಿರಿಯರು ಮಕ್ಕಳ ಮನೆಗಳ ನಡುವೆ ಬದುಕುವವರು.

ಭಾಷೆಯದು ಇದಕ್ಕಿಂತ ದೊಡ್ಡ ಸಂಗತಿ. ದುಭಾಷಿ ಮಾನ್ಯತೆ ಪಡೆದವರಾಗಿರಬೇಕು, ಕುಟುಂಬದವರು ದುಭಾಷಿಯಾಗುವಂತಿಲ್ಲ. ಸಾಮಾನ್ಯ ಭೇಟಿಗಳಲ್ಲಿ ಮಗನೋ ಸೊಸೆಯೋ ತರ್ಜುಮೆ ಮಾಡುವುದೇ ರೂಢಿ. ಈ ನಿಯಮವನ್ನು ಕೇಳಿ ಸಿಟ್ಟಾದವರನ್ನು ಕಂಡಿದ್ದೇನೆ: “ನಮ್ಮ ಅಪ್ಪನ ಮಾತನ್ನು ಹೊರಗಿನವರು ಬಂದು ನಮಗೆ ಹೇಳಬೇಕೇ?” ಅವರ ಸಿಟ್ಟು ಅರ್ಥವಾಗುತ್ತದೆ, ಆದರೂ ಈ ನಿಯಮ ಸರಿ ಎಂಬುದೇ ನನ್ನ ನಿಲುವು. ಮಗ ತರ್ಜುಮೆ ಮಾಡುವಾಗ ‘ಕ್ಯಾನ್ಸರ್’ ಎಂಬ ಪದ ‘ಗಡ್ಡೆ’ಯಾಗುತ್ತದೆ, ‘ಕೆಲವು ತಿಂಗಳು’ ಎಂಬುದು ‘ನಿಧಾನಕ್ಕೆ ಸರಿಹೋಗುತ್ತೆ ಅಪ್ಪಾಜಿ’ ಆಗುತ್ತದೆ. ಪ್ರೀತಿಯಿಂದಲೇ ಆಗುತ್ತದೆ. ತನಗೆ ಯಾವ ಕಾಯಿಲೆ ಎಂದೇ ತಿಳಿಯದ ವ್ಯಕ್ತಿ ಸ್ವಇಚ್ಛೆಯಿಂದ ಏನನ್ನು ತಾನೇ ಕೋರಿಯಾನು?

ಕಾನೂನಿನ ಒಳಗೇ ಇರುವ ಒಂದು ವಿರೋಧಾಭಾಸವೂ ಇಲ್ಲಿ ಅಡ್ಡ ಬರುತ್ತದೆ. ಈ ಕಾನೂನಿನಂತೆ ನಡೆದ ಸಾವು ಆತ್ಮಹತ್ಯೆಯಲ್ಲವೆಂದು ಪಶ್ಚಿಮ ಆಸ್ಟ್ರೇಲಿಯ ಹೇಳುತ್ತದೆ. ಆದರೆ ದೂರವಾಣಿ, ಅಂತರ್ಜಾಲದ ಮೂಲಕ ಆತ್ಮಹತ್ಯೆಗೆ ಪ್ರಚೋದಿಸುವುದನ್ನು ನಿಷೇಧಿಸುವ ಒಕ್ಕೂಟದ ದಂಡಸಂಹಿತೆಯ ದೃಷ್ಟಿಯಲ್ಲಿ ಅದು ಆತ್ಮಹತ್ಯೆಯೇ ಎಂದು ಫೆಡರಲ್ ನ್ಯಾಯಾಲಯ 2023ರ ನವೆಂಬರ್ 30ರಂದು ತೀರ್ಪು ನೀಡಿತು. ಹೀಗಾಗಿ ಈ ಮಾತುಕತೆಯ ಮುಖ್ಯ ಭಾಗಗಳನ್ನು ಫೋನಿನಲ್ಲಿ, ವಿಡಿಯೋದಲ್ಲಿ ನಡೆಸಲು ವೈದ್ಯರು ಹೆದರುತ್ತಾರೆ. ಕಿಂಬರ್ಲಿಯಂಥ ದೂರದ ಸೀಮೆಗಳವರಿಗೆ ಇದರಿಂದ ಆಗುವ ಕಷ್ಟ ಎಲ್ಲರಿಗೂ ಗೊತ್ತು. ಸಣ್ಣ ಭಾಷೆಯವರಿಗೂ ಅದೇ ಕಷ್ಟ: ಮಾನ್ಯತೆಯುಳ್ಳ ಕನ್ನಡ ದುಭಾಷಿ ಸಿಡ್ನಿಯಲ್ಲೋ ಮೆಲ್ಬರ್ನಿನಲ್ಲೋ ಸಿಕ್ಕರೂ, ಫೋನಿನ ಮೂಲಕ ಅವರನ್ನು ಬಳಸುವುದು ಸುಲಭವಲ್ಲ.

ಮಾತು ಯಾರು ಎತ್ತಬೇಕು ಎಂಬುದರಲ್ಲೂ ರಾಜ್ಯಗಳ ನಡುವೆ ಭೇದವಿದೆ. ಪರ್ತ್‌ನಲ್ಲೂ ಬ್ರಿಸ್ಬೇನಿನಲ್ಲೂ, ಚಿಕಿತ್ಸೆಯ ಮತ್ತು ಉಪಶಮನ ಆರೈಕೆಯ ಆಯ್ಕೆಗಳನ್ನು ಜೊತೆಯಲ್ಲೇ ವಿವರಿಸುವುದಾದರೆ, ವೈದ್ಯರೇ ಈ ವಿಷಯವನ್ನು ಪ್ರಸ್ತಾಪಿಸಬಹುದು. ಅಡಿಲೇಡಿನಲ್ಲಿ ರೋಗಿ ಕೇಳುವ ತನಕ ವೈದ್ಯರು ಬಾಯಿ ಬಿಡುವಂತಿಲ್ಲ. ಒತ್ತಡ ಹೇರದಿರಲೆಂದು ಮಾಡಿದ ನಿಯಮ ಅದು. ‘ಡಾಕ್ಟ್ರು ಹೇಳಿದಂತೆ’ ಎಂದು ಕೈಮುಗಿದು ಕೂರುವ ತಲೆಮಾರಿನ ನಮ್ಮ ಹಿರಿಯರಿಗೆ ಅದು ಮೌನವನ್ನೇ ವಿಧಿಸಿದಂತೆ. ಹಾಗೆಂದು ವೈದ್ಯ ಮೊದಲು ಮಾತೆತ್ತಿದರೆ ಅದನ್ನು ಅವರು ಸಲಹೆಯೆಂದೇ, ಕೆಲವೊಮ್ಮೆ ಆಜ್ಞೆಯೆಂದೇ ತಿಳಿದಾರು. ಎರಡು ನಿಯಮಗಳಲ್ಲಿ ಯಾವುದು ನಮ್ಮವರಿಗೆ ಹಿತ ಎಂಬುದನ್ನು ನಾನು ಇನ್ನೂ ತೀರ್ಮಾನಿಸಿಲ್ಲ.

ಸಮುದಾಯದೊಳಗಿನ ಚರ್ಚೆಯಲ್ಲಿ ತಪ್ಪದೆ ಬರುವ ಇನ್ನೊಂದು ಮಾತು ಸಲ್ಲೇಖನದ್ದು. ‘ನಮ್ಮಲ್ಲಿ ಇದು ಹೊಸದೇ? ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳನ್ನು ನೋಡಿ’ ಎನ್ನುತ್ತಾರೆ. ಹೌದು, ಒಂದೂವರೆ ಸಾವಿರ ವರ್ಷಗಳಿಗೆ ಹತ್ತಿರದ ಹಿಂದಿನಿಂದ ಅಲ್ಲಿ ವ್ರತ ಹಿಡಿದು ದೇಹತ್ಯಾಗ ಮಾಡಿದವರ ಹೆಸರುಗಳಿವೆ, ಷ. ಶೆಟ್ಟರ್ ಅವರು ಅದನ್ನು ಜೀವಮಾನವಿಡೀ ಅಧ್ಯಯನ ಮಾಡಿದರು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆಗೆ ಸಮವೆಂದಾಗ ಸರ್ವೋಚ್ಚ ನ್ಯಾಯಾಲಯ ಅದೇ ತಿಂಗಳು ತಡೆ ನೀಡಿತು. ಆದರೆ ಈ ಹೋಲಿಕೆಯನ್ನು ಬಹು ದೂರ ಎಳೆಯಲಾಗದು. ಸಲ್ಲೇಖನ ಗುರುವಿನ ಅನುಮತಿಯಿಂದ, ಮೆಲ್ಲಗೆ, ಎಲ್ಲರ ಕಣ್ಣೆದುರು ನಡೆಯುವ ವ್ರತ. ಅಲ್ಲಿ ವೈದ್ಯನಿಗೆ ಪಾತ್ರವೇ ಇಲ್ಲ. ಅದರಿಂದ ತಿಳಿಯುವುದು ಇಷ್ಟೇ: ಸಾವನ್ನು ತಾನಾಗಿ ಬರಮಾಡಿಕೊಳ್ಳುವ ಮಾತನ್ನು ಆಡಬಲ್ಲ ಭಾಷೆ ನಮ್ಮದು. ಮನೆಯ ಜಗಲಿಯಲ್ಲಿ ಆ ಮಾತಿಗೆ ಬಾಯಿ ಕಟ್ಟುವುದು ಭಾಷೆಯಿಂದಲ್ಲ.

ಇದಕ್ಕಿಂತ ಹೆಚ್ಚು ನೆನೆಯಬೇಕಾದದ್ದು ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರನ್ನು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರು 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, 2015ರ ಮೇ 18ರಂದು ಸಾಯುವ ತನಕ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. 2011ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿಯವರ ಅರ್ಜಿ ತಿರಸ್ಕೃತವಾಯಿತು. ನಾಲ್ಕು ದಶಕ ಆರೈಕೆ ಮಾಡಿದ ಸಿಬ್ಬಂದಿ ಆಕೆ ಬದುಕಿರಲಿ ಎಂದರು, ನ್ಯಾಯಾಲಯ ಅವರ ಮಾತಿಗೆ ಬೆಲೆ ಕೊಟ್ಟಿತು. ಆ ದಾದಿಯರ ಮುಂದೆ ನಾನು ತಲೆಬಾಗುತ್ತೇನೆ. ಅಷ್ಟಾದರೂ ಇಡೀ ದೇಶ ಒಬ್ಬಾಕೆಯ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದಾಗ ಆಕೆಯ ಅಭಿಪ್ರಾಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಂದು ಭಾರತದಲ್ಲಿ ಅದನ್ನು ಮೊದಲೇ ಬರೆದಿಡುವ ಮಾನ್ಯ ದಾರಿಯೇ ಇರಲಿಲ್ಲ. ಈಗ ಇದೆ, ಅಲ್ಲಿಯೂ ಇಲ್ಲಿಯೂ. ಇಲ್ಲಿ ಅದನ್ನು ಅಡ್ವಾನ್ಸ್ ಹೆಲ್ತ್ ಡೈರೆಕ್ಟಿವ್ ಎನ್ನುತ್ತಾರೆ. ಯಾವ ಚಿಕಿತ್ಸೆ ಬೇಡವೆಂದು ಅದರಲ್ಲಿ ಬರೆಯಬಹುದು. ನೆರವಿನ ಮರಣವನ್ನು ಮಾತ್ರ ಅದರ ಮೂಲಕ ಮುಂಗಡವಾಗಿ ಕೋರುವಂತಿಲ್ಲ. ಕೋರುವ ಕ್ಷಣದಿಂದ ಕೊನೆಯ ತನಕ ಬುದ್ಧಿ ಸ್ಥಿಮಿತದಲ್ಲಿರಲೇಬೇಕು. ಮರೆವಿನ ಕಾಯಿಲೆಗೆ ಹೆದರಿ ‘ಹೌದು’ ಎಂದು ಸಮೀಕ್ಷೆಗೆ ಉತ್ತರಿಸಿದವರಿಗೆ, ಅಂಥವರು ನಮ್ಮಲ್ಲಿ ಬಹಳ, ಈ ಕಾನೂನಿನಲ್ಲಿ ಜಾಗವಿಲ್ಲ.

ನನ್ನ ಅಭಿಪ್ರಾಯ ಕೇಳುವವರಿಗೆ ಹೇಳುವುದು ಇದು: ನಾನು ಈ ಕಾನೂನಿನ ಪರ. ಆಸ್ಟ್ರೇಲಿಯದ ವೈದ್ಯ ಸಂಘ 2016ರಲ್ಲಿ, ಜೀವ ಕೊನೆಗೊಳಿಸುವುದೇ ಮುಖ್ಯ ಉದ್ದೇಶವಾದ ಕ್ರಿಯೆಯಲ್ಲಿ ವೈದ್ಯರು ಭಾಗಿಯಾಗಬಾರದೆಂದು ಹೇಳಿದ್ದನ್ನು ಗೌರವದಿಂದಲೇ ಓದಿದ್ದೇನೆ, ಒಪ್ಪಿಲ್ಲ. ಆದರೆ ನನ್ನ ಬೆಂಬಲ, ಕೋರಿಕೆ ಇಡುವವರು ಕುಟುಂಬದವರಿಲ್ಲದೆ ಒಬ್ಬರೇ ಕೂತು, ತಮ್ಮ ಭಾಷೆಯಲ್ಲಿ, ತಮ್ಮ ಕಾಯಿಲೆಯ ಹೆಸರು ಗೊತ್ತಿದ್ದು ಮಾತಾಡುವ ಏರ್ಪಾಡಿಗೆ ಕೊಟ್ಟದ್ದು. ಬೆಂಗಳೂರಿನ ಕರುಣಾಶ್ರಯದಂಥ ಕೆಲವು ಕಡೆ ಬಿಟ್ಟರೆ ಸಾಯುವವರಿಗೆ ನೋವಿನ ಮದ್ದೇ ಸರಿಯಾಗಿ ತಲುಪದ ನಾಡಿಗೆ ಇದೇ ಕಾನೂನನ್ನು ನಾಳೆಯೇ ಒಯ್ಯಿರಿ ಎಂದರೆ ನಾನು ಒಪ್ಪಲಾರೆ.

ಇನ್ನು, ಮನೆಯವರು ತೀರ ಕೊನೆಗೆ, ಹಿಂಜರಿಯುತ್ತ ಕೇಳುವ ಪ್ರಶ್ನೆಯೊಂದಿದೆ: ಹೀಗೆ ಹೋದವರಿಗೆ ಅಪರಕರ್ಮ ಮಾಡಬಹುದೇ, ಇದು ದುರ್ಮರಣದ ಲೆಕ್ಕವೇ? ಇಲ್ಲಿಯ ಮರಣ ಪ್ರಮಾಣಪತ್ರದಲ್ಲಿ ವೈದ್ಯರು ಮೂಲ ಕಾಯಿಲೆಯನ್ನು ಮಾತ್ರ ಬರೆಯಬೇಕು, ನೆರವಿನ ಮರಣದ ಉಲ್ಲೇಖ ಕೂಡದು ಎಂದು ಈ ರಾಜ್ಯದ ಕಾನೂನು ಹೇಳುತ್ತದೆ ಎಂಬಷ್ಟನ್ನು ನಾನು ತಿಳಿಸುತ್ತೇನೆ. ಉಳಿದದ್ದನ್ನು ಪುರೋಹಿತರಲ್ಲಿ ಕೇಳಬೇಕು. ಅವರಿಗೆ ಎಷ್ಟು ಹೇಳಬೇಕೆಂಬುದನ್ನು, ಸಾಯುವವರು ಇನ್ನೂ ಮಾತಾಡಬಲ್ಲವರಾಗಿರುವಾಗ, ಅವರನ್ನೇ ಕೇಳಿ ಎನ್ನುತ್ತೇನೆ.